ಕಾರಿನ ಕ್ರೋಮ್ ಪಟ್ಟಿಗಳಿಗೆ ಸುಲಿದು ತೆಗೆಯಬಹುದಾದ ಕಪ್ಪು ಲೇಪ

ಕಡುಬೂದು ಬಣ್ಣದ ಕಾರಿಗೆ ಫಳಫಳ ಹೊಳೆಯುವ ಕ್ರೋಮ್ ಒಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ರಿಲ್‌ನ ಅಡ್ಡಪಟ್ಟಿಗಳು, ಕಿಟಕಿಗಳ ಕೆಳಗೆ ಹಾದುಹೋಗುವ ಉದ್ದನೆಯ ಗೆರೆ, ಡಿಕ್ಕಿಯ ಮೇಲಿನ ದಪ್ಪ ಪಟ್ಟಿ, ಅದರ ಪಕ್ಕದ ಅಕ್ಷರಗಳು ಇಷ್ಟನ್ನೂ ಕಪ್ಪಾಗಿಸಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಆದರೆ ಕಾರು ಮಾರುವ ಸಂದರ್ಭ ಬಂದರೆ, ಅಥವಾ ನನಗೇ ಬೇಸರವಾದರೆ, ಮೂಲ ಕ್ರೋಮ್ ಹಾಗೆಯೇ ಸಿಗಬೇಕು. ಈ ಷರತ್ತಿನ ಮೇಲೆಯೇ ಇಡೀ ಕೆಲಸದ ವಿಧಾನ ನಿಂತಿದೆ.

ಬಣ್ಣ ಹಚ್ಚುವುದು ಮೊದಲೇ ಬಿಟ್ಟುಹೋಯಿತು. ಗ್ರಿಲ್‌ನಲ್ಲಿ ನಾವು ಲೋಹವೆಂದುಕೊಳ್ಳುವುದು ಬಹುಪಾಲು ಎಬಿಎಸ್ ಪ್ಲಾಸ್ಟಿಕ್. ಅದರ ಮೇಲೆ ತಾಮ್ರ, ನಿಕ್ಕಲ್, ಕೊನೆಗೆ ಕ್ರೋಮಿಯಂ ಹೀಗೆ ವಿದ್ಯುಲ್ಲೇಪನದಿಂದ ಪದರಗಳನ್ನು ಕೂರಿಸಿರುತ್ತಾರೆ. ಮೇಲಿನ ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ಅದರ ಮೇಲೆ ಬಣ್ಣ ನಿಲ್ಲಬೇಕಾದರೆ ಮರಳು ಕಾಗದದಿಂದ ಉಜ್ಜಲೇಬೇಕು. ಉಜ್ಜಿದ ಮೇಲೆ ಹಿಂದಿನ ಹೊಳಪಿಗೆ ದಾರಿಯಿಲ್ಲ. ವಿನೈಲ್ ಹಾಳೆ ಕಿಟಕಿಯ ನೇರ ಪಟ್ಟಿಗೆ ಒಳ್ಳೆಯದೇ, ಆದರೆ ಗ್ರಿಲ್‌ನ ಮೂಲೆ ಮುಡುಕುಗಳಲ್ಲಿ ಅದನ್ನು ಸುಕ್ಕಿಲ್ಲದೆ ಕೂರಿಸಲು ಪಳಗಿದ ಕೈ ಬೇಕು. ಉಳಿದದ್ದು ಪ್ಲಾಸ್ಟಿ ಡಿಪ್ ಜಾತಿಯ ರಬ್ಬರ್ ಸ್ಪ್ರೇ.

ಈ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡರೆ ಮುಂದಿನ ಪ್ರತಿ ಹೆಜ್ಜೆಗೂ ಕಾರಣ ಸಿಗುತ್ತದೆ. ಕೃತಕ ರಬ್ಬರನ್ನು ದ್ರಾವಕಗಳಲ್ಲಿ ಕರಗಿಸಿ ಡಬ್ಬಿಯಲ್ಲಿ ತುಂಬಿರುತ್ತಾರೆ. ಸಿಂಪಡಿಸಿದ ಮೇಲೆ ದ್ರಾವಕ ಆರಿಹೋಗಿ ರಬ್ಬರಿನ ಪೊರೆ ಉಳಿಯುತ್ತದೆ. ಇಲ್ಲಿ ಗಟ್ಟಿಕಾರಕ ಎಂಬುದಿಲ್ಲ, ಕ್ರೋಮ್‌ನೊಂದಿಗೆ ರಾಸಾಯನಿಕ ಬೆಸುಗೆಯೂ ಇಲ್ಲ; ಪೊರೆ ನುಣುಪಾದ ಮೇಲ್ಮೈಗೆ ಒತ್ತಾಗಿ ಅಂಟಿಕೊಂಡಿರುತ್ತದೆ ಅಷ್ಟೇ. ಮೇಲೆ ಬೀಳುವ ಪ್ರತಿ ಹೊಸ ಪದರದ ದ್ರಾವಕ ಕೆಳಗಿನ ಪದರವನ್ನು ಸ್ವಲ್ಪ ಮೆದುಗೊಳಿಸಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಹೀಗೆ ಐದಾರು ಪದರ ಸೇರಿ ಒಂದೇ ಹಾಳೆಯಾಗುತ್ತದೆ. ಪೆಟ್ರೋಲ್ ಬಿದ್ದರೆ ಇದೇ ಪೊರೆ ಕರಗುವುದಕ್ಕೂ ಕಾರಣ ಅದೇ ಗುಣ. ಹಾಗಾಗಿ ಇಂಧನ ತುಂಬುವ ಮುಚ್ಚಳದ ಸುತ್ತಮುತ್ತ ಈ ಲೇಪಕ್ಕೆ ಜಾಗವಿಲ್ಲ.

ಸುಲಿದು ತೆಗೆಯಬಹುದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ಆ ಗುಣ ಡಬ್ಬಿಯಿಂದ ತಾನಾಗಿ ಬರುವುದಿಲ್ಲ, ಸಿಂಪಡಿಸುವವರ ಕೈಯಿಂದ ಬರುತ್ತದೆ. ಕಾರನ್ನು ಮುಟ್ಟುವ ಮೊದಲು ಹಳೆಯದೊಂದು ಕ್ರೋಮ್ ಪಟ್ಟಿಯನ್ನು ಟೇಪಿನಿಂದ ಮೂರು ಭಾಗ ಮಾಡಿ, ಒಂದಕ್ಕೆ ಎರಡು ಕೋಟ್, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಆರು ಕೋಟ್ ಕೊಟ್ಟು ಚೆನ್ನಾಗಿ ಆರಲು ಬಿಟ್ಟೆ. ನೋಟದಲ್ಲಿ ಮೂರಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ, ಎರಡು ಕೋಟ್ ಬಿದ್ದ ಕಡೆಯೂ ಸಾಕಷ್ಟು ಕಪ್ಪಾಗಿತ್ತು. ಸುಲಿಯಲು ಕೂತಾಗ ಬಣ್ಣ ಬಯಲಾಯಿತು. ಎರಡು ಕೋಟಿನ ಭಾಗ ಉಗುರಿಗೆ ಪುಡಿಪುಡಿಯಾಗಿ ಬಂತು, ಒಂದು ಅಂಗುಲ ಬಿಡಿಸುವಷ್ಟರಲ್ಲಿ ಬೆರಳು ನೊಂದಿತು. ನಾಲ್ಕು ಕೋಟಿನದು ಬಂತಾದರೂ ತಿರುವಿನಲ್ಲಿ ಹರಿಯಿತು. ಆರು ಕೋಟಿನದು ತುದಿ ಹಿಡಿದು ಎಳೆದರೆ ಕಾಯಿಸಿದ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದಿತು. ಹಾಗಾಗಿ ಕಪ್ಪಾಯಿತೆಂದು ಕೈ ನಿಲ್ಲಿಸಬಾರದು. ಕಣ್ಣಿಗೆ ಎರಡು ಕೋಟ್ ಸಾಕು, ಮುಂದಿನದೆಲ್ಲ ತೆಗೆಯುವ ದಿನಕ್ಕೆ.

ಯಾವುದಕ್ಕೆ ಸಿಂಪಡಿಸಬಾರದು ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಂಡೆ. ದೀಪಗಳು, ನಂಬರ್ ಪ್ಲೇಟ್, ರಿಫ್ಲೆಕ್ಟರ್‌ಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಬಂಪರಿನಲ್ಲಿರುವ ಪಾರ್ಕಿಂಗ್ ಸೆನ್ಸರ್‌ಗಳ ಮುಖಕ್ಕೆ ದಪ್ಪ ರಬ್ಬರ್ ಕೂತರೆ ಅವು ಸರಿಯಾಗಿ ಕೆಲಸ ಮಾಡುತ್ತವೆಂಬ ಭರವಸೆಯಿಲ್ಲ. ಇನ್ನೊಂದು ಮುಖ್ಯ: ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವ ವ್ಯವಸ್ಥೆಯಿರುವ ಕೆಲವು ಕಾರುಗಳಲ್ಲಿ ಮುಂಭಾಗದ ಲಾಂಛನದ ಹಿಂದೆಯೇ ರೇಡಾರ್ ಇರುತ್ತದೆ. ಅಂಥ ಲಾಂಛನವನ್ನು ಮುಟ್ಟಬಾರದು. ನನ್ನ ಕಾರಿನಲ್ಲಿ ಡಿಕ್ಕಿಯ ಪಟ್ಟಿಯ ಅಡಿಯಲ್ಲಿ ಹಿಂಬದಿ ಕ್ಯಾಮೆರಾ ಮತ್ತು ನಂಬರ್ ಪ್ಲೇಟಿನ ದೀಪ ಇವೆ. ಅವೆರಡಕ್ಕೂ ಅಳತೆಗೆ ಕತ್ತರಿಸಿದ ಟೇಪ್ ಅಂಟಿಸಿದೆ.

ತೊಳೆಯುವ ಕೆಲಸವನ್ನು ಅವಸರವಿಲ್ಲದೆ ಮಾಡಿದೆ. ಮೇಣ ಬೆರೆತ ಕಾರ್ ಶಾಂಪೂ ಇದಕ್ಕೆ ಆಗದು, ಅದು ಬಿಟ್ಟುಹೋಗುವ ಪದರದ ಮೇಲೆ ಲೇಪ ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ, ಮೆದುವಾದ ಹಲ್ಲುಜ್ಜುವ ಬ್ರಷ್‌ನಿಂದ ಗ್ರಿಲ್‌ನ ಒಳಮೂಲೆಗಳನ್ನೂ ಅಕ್ಷರಗಳ ಸಂದುಗಳನ್ನೂ ತಿಕ್ಕಿದೆ. ಡಾಂಬರಿನ ಚುಕ್ಕೆಗಳನ್ನು ಬೇರೆಯಾಗಿ ತೆಗೆದೆ. ಟೈರಿಗೆ ಹಚ್ಚುವ ಸಿಲಿಕೋನ್ ಪಾಲಿಶ್‌ನ ಹನಿ ಎಲ್ಲಾದರೂ ಉಳಿದಿದ್ದರೆ ಅಲ್ಲಿ ಲೇಪ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಕುಳಿ ಬೀಳುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಸಮ ಪ್ರಮಾಣದ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದೆ. ಅಲ್ಲಿಂದಾಚೆಗೆ ಬರಿಗೈ ತಾಗಿಸಲಿಲ್ಲ.

ಸಂದುಗಳಲ್ಲಿ ಅಡಗಿ ಕೂರುವ ನೀರಿನ ಬಗ್ಗೆ ವಿಶೇಷ ಎಚ್ಚರ ಬೇಕು. ಕಿಟಕಿಯ ಪಟ್ಟಿಗೂ ಬಾಗಿಲಿಗೂ ನಡುವೆ, ಲಾಂಛನದ ಹಿಂಬದಿಯಲ್ಲಿ, ಗ್ರಿಲ್‌ನ ಕ್ಲಿಪ್‌ಗಳ ಒಳಗೆ ನೀರು ಗಂಟೆಗಟ್ಟಲೆ ನಿಂತಿರುತ್ತದೆ. ಸ್ಪ್ರೇಯ ಗಾಳಿ ತಾಗಿದ ಕೂಡಲೇ ಒಂದು ಹನಿ ಇಳಿದು ಹಸಿ ಲೇಪದ ಮೇಲೆ ಗೆರೆ ಎಳೆದುಬಿಡುತ್ತದೆ. ಬ್ಲೋವರ್‌ನಿಂದ ಎಲ್ಲ ಸಂದುಗಳಿಗೂ ಗಾಳಿ ಊದಿ, ಬಾಗಿಲು ಡಿಕ್ಕಿಗಳನ್ನು ತೆರೆದಿಟ್ಟು ಒಣಗಿಸಿದ ಮೇಲೆಯೇ ಟೇಪ್ ಕೈಗೆತ್ತಿಕೊಂಡೆ.

ಹೆಚ್ಚು ಸಮಯ ಹಿಡಿದದ್ದು ಮಾಸ್ಕಿಂಗ್, ಅಂದರೆ ಲೇಪ ಬೀಳಬಾರದ ಜಾಗಗಳನ್ನು ಟೇಪಿನಿಂದಲೂ ಹಾಳೆಯಿಂದಲೂ ಮುಚ್ಚುವ ಕೆಲಸ. ಸಿಂಪಡಿಸುವುದಕ್ಕಿಂತ ನನಗೆ ಇದೇ ಹೆಚ್ಚು ಇಷ್ಟವಾದ ಭಾಗವೂ ಹೌದು. ಕಿಟಕಿಯ ಪಟ್ಟಿಯ ಮೇಲ್ಗಡೆ ರಬ್ಬರ್ ಬೀಡಿಂಗ್, ಕೆಳಗಡೆ ಬಾಗಿಲಿನ ಬಣ್ಣ. ಈ ಎರಡು ಅಂಚುಗಳ ಸ್ವಭಾವ ಬೇರೆ ಬೇರೆ. ಚೊಕ್ಕವಾದ ಬಣ್ಣದ ಮೇಲೆ ಬಿದ್ದ ಲೇಪ ಬೆರಳಿನಿಂದ ತಿಕ್ಕಿದರೆ ಉರುಳಿ ಬರುತ್ತದೆ. ರಬ್ಬರಿನ ಮೇಲೆ ಅಥವಾ ತರಿತರಿಯಾದ ಕಪ್ಪು ಪ್ಲಾಸ್ಟಿಕ್ ಮೇಲೆ ಬಿದ್ದದ್ದು ಸಣ್ಣ ರಂಧ್ರಗಳನ್ನು ಹಿಡಿದು ಕೂರುತ್ತದೆ. ಹಾಗಾಗಿ ಬೀಡಿಂಗ್ ಕಡೆಗೆ ಹೆಚ್ಚು ಗಮನ ಕೊಟ್ಟೆ. ಮಾಸ್ಕಿಂಗ್ ಟೇಪನ್ನು ಬೀಡಿಂಗ್‌ನ ತುಟಿಯ ಮೇಲೆ ಅಂಟಿಸಿ, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಅದನ್ನು ತುಟಿಯ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋದರೆ ರಬ್ಬರ್ ಮಡಚಿಕೊಂಡು, ಕ್ರೋಮ್‌ನ ಮೇಲಂಚು ಕೂದಲೆಳೆಯಷ್ಟು ಹೆಚ್ಚು ತೆರೆದುಕೊಳ್ಳುತ್ತದೆ. ಲೇಪ ಅಲ್ಲಿಯವರೆಗೆ ಇಳಿದರೆ, ಟೇಪ್ ತೆಗೆದ ಮೇಲೆ ಬೀಡಿಂಗ್ ಮತ್ತೆ ಮೇಲೆ ಕೂತು ಲೇಪದ ಅಂಚನ್ನು ತಾನೇ ಮುಚ್ಚುತ್ತದೆ. ಮುಚ್ಚಿದ ಅಂಚು ಏಳುವುದಿಲ್ಲ.

ಪಟ್ಟಿ ಬಾಗಿಲಿನಿಂದ ಬಾಗಿಲಿಗೆ ಮುರಿಯುವ ಕಡೆಗಳಲ್ಲಿ ಬಾಗಿಲು ತೆರೆದು ನೋಡಬೇಕು. ತುದಿ ಒಳಕ್ಕೆ ತಿರುಗಿರುತ್ತದೆ. ಮುಖಕ್ಕೆ ಮಾತ್ರ ಸಿಂಪಡಿಸಿ ತುದಿಯನ್ನು ಬಿಟ್ಟರೆ, ಬಾಗಿಲು ತೆರೆದಾಗಲೆಲ್ಲ ಬಿಳಿ ಗೆರೆ ಕಾಣುವುದಲ್ಲದೆ ಗಾಳಿಗೂ ನೀರಿಗೂ ಅಲ್ಲಿಂದಲೇ ಒಳದಾರಿ. ತುದಿಯನ್ನು ಸುತ್ತಿ ಒಳಬದಿಗೆ ಒಂದಿಷ್ಟು ಲೇಪ ಹೋಗುವಂತೆ ಟೇಪನ್ನು ಹಿಂದಕ್ಕೆ ಸರಿಸಿ ಅಂಟಿಸಿದೆ. ಬಾನೆಟ್, ಮುಂದಿನ ಗಾಜು, ಚಕ್ರಗಳು, ವೈಪರ್‌ಗಳು ಎಲ್ಲಕ್ಕೂ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾಯಿತು. ಸ್ಪ್ರೇಯ ಕಣಗಳು ಗಾಳಿಯಲ್ಲೇ ಒಣಗಿ ಕಪ್ಪು ದೂಳಾಗಿ ದೂರದವರೆಗೆ ಹೋಗಿ ಕೂರುತ್ತವೆ.

ಡಿಕ್ಕಿಯ ಅಕ್ಷರಗಳಿಗೆ ಮಾತ್ರ ಬೇರೆ ಕ್ರಮ. ಅವುಗಳ ಅಂಚಿಗೆ ಟೇಪ್ ಕತ್ತರಿಸುವ ಗೋಜು ಬೇಡ, ಬ್ಲೇಡು ಬಣ್ಣಕ್ಕೆ ತಾಗುವ ಅಪಾಯವೇ ಹೆಚ್ಚು. ಸುತ್ತ ಅಂಗೈ ಅಗಲದ ಜಾಗ ಬಿಟ್ಟು ಚೌಕಟ್ಟಿನಂತೆ ಟೇಪ್ ಹಾಕಿ, ಅಕ್ಷರ ಮತ್ತು ಬಣ್ಣ ಎರಡರ ಮೇಲೂ ಸಿಂಪಡಿಸಿ, ಆಮೇಲೆ ಬಣ್ಣದ ಮೇಲಿನದನ್ನು ಮಾತ್ರ ಸುಲಿಯುವುದು.

ಉಸಿರಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಈ ಡಬ್ಬಿಗಳಲ್ಲಿ ಹೆಕ್ಸೇನ್, ಟಾಲ್ವೀನ್‌ನಂಥ ದ್ರಾವಕಗಳಿರುತ್ತವೆ. ಬಟ್ಟೆಯ ಮಾಸ್ಕ್, ದೂಳಿನ ಮಾಸ್ಕ್ ಎರಡೂ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಿಯುತ್ತದೆ, ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನ ಬಾಗಿಲನ್ನು ಪೂರ್ತಿ ತೆರೆದು, ಹತ್ತಿರದಲ್ಲಿ ಉರಿಯುವ ಒಲೆ ಅಥವಾ ಬಾಯ್ಲರ್ ಇಲ್ಲವೆಂದು ನೋಡಿಕೊಂಡೆ.

ಹವಾಮಾನಕ್ಕಾಗಿ ಕಾದದ್ದು ಒಳ್ಳೆಯದಾಯಿತು. ಸುಮಾರು 20ರಿಂದ 30 ಡಿಗ್ರಿ ಸೆಲ್ಸಿಯಸ್, ಒಣ ಗಾಳಿ, ನೆರಳು ಇವು ಅನುಕೂಲ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅಲ್ಲೇ ಮಂಜಾಗಿ ಕೂತು ಕಪ್ಪು ಲೇಪದ ಮೇಲೆ ಬೆಳ್ಳಗಿನ ಮಬ್ಬು ಬರುತ್ತದೆ. ನೇರ ಬಿಸಿಲಿನಲ್ಲಿ ಇದರ ವಿರುದ್ಧ: ಹನಿಗಳು ಹರಡಿಕೊಳ್ಳುವ ಮೊದಲೇ ಒಣಗಿ ಮೇಲ್ಮೈ ಮರಳಿನಂತೆ ಒರಟಾಗುತ್ತದೆ.

ಡಬ್ಬಿಯೊಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೂ ಒಂದು ನಿಮಿಷ ಚೆನ್ನಾಗಿ ಕುಲುಕಿದೆ. ಪಟ್ಟಿಯಿಂದ 15-20 ಸೆಂಟಿಮೀಟರ್ ದೂರ, ಕೈ ಪಟ್ಟಿಯ ಆಚೆಯಿಂದ ಶುರುವಾಗಿ ಆಚೆಗೇ ಮುಗಿಯಬೇಕು. ಗುಂಡಿಯನ್ನು ಪಟ್ಟಿಯ ಮೇಲೆಯೇ ಒತ್ತಿದರೆ ಆ ಜಾಗದಲ್ಲಿ ದಪ್ಪ ಹನಿ ಉಗುಳುತ್ತದೆ. ಮೊದಲ ಕೋಟ್ ಬರೀ ಹುಡಿ ಚಿಮುಕಿಸಿದ ಹಾಗೆ. ಅರ್ಧಕ್ಕರ್ಧ ಕ್ರೋಮ್ ಇಣುಕುತ್ತಿರಬೇಕು. ಅದನ್ನು ಹಾಗೆಯೇ ಬಿಟ್ಟು ಬರಲು ಮನಸ್ಸೇ ಒಪ್ಪುವುದಿಲ್ಲ. ಆದರೆ ನುಣುಪಾದ ಕ್ರೋಮ್ ಮೇಲೆ ಮೊದಲ ಸಲವೇ ದಪ್ಪ ಲೇಪ ಬಿದ್ದರೆ ಅದಕ್ಕೆ ಹಿಡಿತ ಸಿಗದೆ ಜಾರುತ್ತದೆ. ಒಣಗಿದ ಚುಕ್ಕೆಗಳೇ ಮುಂದಿನ ಕೋಟಿಗೆ ಹಿಡಿತ. ಎರಡನೆಯದರಿಂದ ಮುಂದೆ ಸ್ವಲ್ಪ ಹೆಚ್ಚು ಹಸಿಯಾಗಿ, ಪ್ರತಿ ಎಳೆತ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಹಾಕಿದೆ. ಕೋಟ್‌ಗಳ ನಡುವೆ ಅರ್ಧ ಗಂಟೆಯ ಬಿಡುವು. ಹಸಿ ಹೊಳಪು ಪೂರ್ತಿ ಇಂಗಿ ಮಂಕಾಗುವವರೆಗೆ ಮುಂದಿನದಕ್ಕೆ ಕೈ ಹಾಕಲಿಲ್ಲ.

ಗ್ರಿಲ್‌ನಲ್ಲಿ ಕಣ್ಣು ಮೋಸ ಹೋಗುತ್ತದೆ. ನಿಂತು ನೋಡಿದರೆ ಎಲ್ಲ ಕಪ್ಪು. ಮಂಡಿಯೂರಿ ಟಾರ್ಚ್ ಬಿಟ್ಟರೆ ಪ್ರತಿ ಪಟ್ಟಿಯ ಅಡಿಮೈ ಬೆಳ್ಳಗೆ ಹೊಳೆಯುತ್ತಿರುತ್ತದೆ. ಆದ್ದರಿಂದ ಪ್ರತಿ ಕೋಟನ್ನೂ ಮೇಲಿನಿಂದ, ಕೆಳಗಿನಿಂದ, ಎಡದಿಂದ, ಬಲದಿಂದ ಹೀಗೆ ನಾಲ್ಕು ಓರೆಗಳಿಂದ ತೆಳುವಾಗಿ ಹಾಕಿ, ಕೊನೆಗೆ ಎದುರಿನಿಂದ ಒಮ್ಮೆ ಎಳೆದೆ. ಎದುರಿನಿಂದಲೇ ಎಲ್ಲವನ್ನೂ ಮುಗಿಸಲು ಹೋದರೆ ಮುಂಬದಿಯ ಅಂಚಿನಲ್ಲಿ ಲೇಪ ಗಟ್ಟಿಯಾಗಿ ಕೂಡಿ, ಒಳಮುಖ ತೆಳುವಾಗಿಯೇ ಉಳಿಯುತ್ತದೆ. ಗ್ರಿಲ್ ಬಿಚ್ಚಲು ಸುಲಭವಿರುವ ಕಾರಾದರೆ ಬಿಚ್ಚಿ ತೂಗುಹಾಕಿ ಸಿಂಪಡಿಸುವುದೇ ಮೇಲು. ನನ್ನದರಲ್ಲಿ ಬಂಪರನ್ನೇ ಇಳಿಸಬೇಕಿತ್ತು, ಅದು ಈ ಕೆಲಸಕ್ಕೆ ಅತಿ.

ಸತತವಾಗಿ ಸಿಂಪಡಿಸುತ್ತಿದ್ದರೆ ಡಬ್ಬಿ ಕೈಗೆ ಕೊರೆಯುವಷ್ಟು ತಣ್ಣಗಾಗುತ್ತದೆ, ಒತ್ತಡ ಇಳಿದು ಹನಿ ದಪ್ಪವಾಗುತ್ತದೆ. ಎರಡು ಡಬ್ಬಿಗಳನ್ನು ಒಂದಾದ ಮೇಲೊಂದು ಬಳಸಿ, ಬಿಡುವಿನಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದೆ. ಬಿಸಿನೀರು ಸಲ್ಲದು, 50 ಡಿಗ್ರಿ ದಾಟಿದರೆ ಡಬ್ಬಿ ಸಿಡಿಯಬಹುದು. ನಳಿಕೆಯ ಬಾಯಲ್ಲಿ ರಬ್ಬರ್ ಗಂಟುಕಟ್ಟಿ ಉಂಡೆಯಾಗಿ ಚಿಮ್ಮುವುದರಿಂದ ಪ್ರತಿ ಕೆಲವು ಎಳೆತಗಳಿಗೊಮ್ಮೆ ಬಟ್ಟೆಯಿಂದ ಒರೆಸುತ್ತಿದ್ದೆ. ಮೂರನೆಯ ಕೋಟಿನ ಮೇಲೆ ಒಂದು ಸಣ್ಣ ಹುಳು ಬಂದು ಕೂತಿತು. ಹಸಿಯಿದ್ದಾಗ ಅದನ್ನು ತೆಗೆಯಲು ಹೋದರೆ ಲೇಪವೂ ಜೊತೆಗೆ ಬರುತ್ತದೆ. ಒಣಗಲು ಬಿಟ್ಟು, ಚಿಮಟಿಗೆಯಿಂದ ಎತ್ತಿ, ಉಳಿದ ಗುರುತನ್ನು ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿದೆ. ಮುಂದಿನ ಕೋಟಿನಲ್ಲಿ ಜಾಗವೇ ಗೊತ್ತಾಗದಂತೆ ಮುಚ್ಚಿಹೋಯಿತು.

ಕೊನೆಯ ಕೋಟ್ ಬಿದ್ದ ತಕ್ಷಣ ಟೇಪ್ ಎಳೆಯಬೇಕು, ಹಸಿಯಿರುವಾಗಲೇ. ಇಲ್ಲಿ ಕಾಯುವಂತಿಲ್ಲ. ಒಣಗಿದರೆ ಟೇಪಿನ ಮೇಲಿನ ಪೊರೆಯೂ ಪಟ್ಟಿಯ ಮೇಲಿನ ಪೊರೆಯೂ ಒಂದೇ ಆಗಿ, ಟೇಪ್ ತನ್ನೊಂದಿಗೆ ಪಟ್ಟಿಯದನ್ನೂ ಎಬ್ಬಿಸುತ್ತದೆ. ಆಗ ಬ್ಲೇಡ್ ಹಿಡಿದು ಬಣ್ಣದ ಪಕ್ಕದಲ್ಲೇ ಕೊಯ್ಯಬೇಕಾಗುತ್ತದೆ. ಹಾಗಾಗಿ ಕೊನೆಯ ಕೋಟನ್ನು ಒಂದೊಂದು ಭಾಗಕ್ಕೆ ಮಾತ್ರ ಹಾಕಿ, ಅದರ ಟೇಪ್ ಬಿಡಿಸಿ, ಮುಂದಿನ ಭಾಗಕ್ಕೆ ಹೋದೆ. ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಪಟ್ಟಿಯಿಂದ ಹೊರಮುಖವಾಗಿ ನಿಧಾನಕ್ಕೆ ಎಳೆಯುವಾಗ ಅಂಚಿನಲ್ಲಿ ನೂಲಿನಷ್ಟು ಸಣ್ಣ ಕಪ್ಪು ಎಳೆಗಳು ಹಿಗ್ಗಿ, ತುಂಡಾಗಿ, ಪಟ್ಟಿಯ ಮೇಲೆ ಮಲಗುತ್ತವೆ. ಮುಟ್ಟದೆ ಬಿಟ್ಟರೆ ಹಸಿ ಲೇಪ ಅವನ್ನು ನುಂಗಿಕೊಂಡು, ಗರಗಸದಂತೆ ಕಂಡ ಅಂಚು ನೋಡನೋಡುತ್ತಿದ್ದಂತೆ ದುಂಡಗಾಗುತ್ತದೆ. ಇಡೀ ಕೆಲಸದಲ್ಲಿ ನಾನು ಉಸಿರು ಬಿಗಿಹಿಡಿದು ನೋಡಿದ್ದು ಇದನ್ನೇ.

ಅಕ್ಷರಗಳ ಸುತ್ತಲಿನದನ್ನು ಸುಮಾರು ಒಂದು ಗಂಟೆ ಬಿಟ್ಟು, ಪೊರೆ ಗಟ್ಟಿಯಾದರೂ ಇನ್ನೂ ಮೆದುವಿರುವಾಗ ತೆಗೆದೆ. ಬಿದಿರಿನ ಕಡ್ಡಿಯ ಮೊಂಡು ತುದಿಯಿಂದ ಅಕ್ಷರದ ಬುಡದ ಗುಂಟ ಒತ್ತಿ ಗೆರೆ ಹಾಕಿ, ಪೊರೆಯನ್ನು ಅಕ್ಷರದಿಂದ ಆಚೆಗೆ ಎಳೆದರೆ ಬುಡದಲ್ಲೇ ಕತ್ತರಿಸಿಕೊಳ್ಳುತ್ತದೆ. ಕೆಲವು ಅಕ್ಷರಗಳ ನಡುವಿನ ಪುಟ್ಟ ಕಣ್ಣುಗಳನ್ನು ಚಿಮಟಿಗೆಯಿಂದ ಒಂದೊಂದಾಗಿ ಕಿತ್ತೆ. ಇಲ್ಲಿಯೂ ದಪ್ಪ ಪದರವೇ ಕಾಪಾಡಿತು. ತೆಳುವಿದ್ದಿದ್ದರೆ ಆ ಕಣ್ಣುಗಳೊಳಗಿನದು ಪುಡಿಯಾಗಿ ಬಣ್ಣಕ್ಕೇ ಅಂಟಿಕೊಂಡಿರುತ್ತಿತ್ತು.

ನಾಲ್ಕು ಗಂಟೆಯಲ್ಲಿ ಮುಟ್ಟುವಷ್ಟು ಒಣಗುತ್ತದೆ. ಆದರೂ ಇಡೀ ರಾತ್ರಿ ಒಳಗೇ ನಿಲ್ಲಿಸಿ, ಮುಂದಿನ ಕೆಲವು ದಿನ ತೊಳೆಯದೆ ಬಿಟ್ಟೆ. ಬಂದದ್ದು ಮಂಕಾದ, ಸ್ವಲ್ಪ ರಬ್ಬರಿನ ಮೈಯಿರುವ ಕಪ್ಪು. ಹೊಳೆಯುವ ಕಪ್ಪು ಬೇಕೆಂದರೆ ಇದೇ ಜಾತಿಯ ಹೊಳಪು ಕೋಟ್ ಮೇಲೆ ಹಾಕಬಹುದು. ನನಗೆ ಮಂಕು ಕಪ್ಪೇ ಹಿಡಿಸಿತು. ಕಿಟಕಿಯ ಗಾಜು, ಬೀಡಿಂಗ್, ಪಟ್ಟಿ ಮೂರೂ ಸೇರಿ ಒಂದೇ ಕಪ್ಪು ಗೆರೆಯಾಗಿ, ಕಾರಿನ ಪಕ್ಕದ ನೋಟ ಮೊದಲಿಗಿಂತ ಉದ್ದವಾಗಿ ಕಾಣುತ್ತದೆ.

ಬಳಕೆಯಲ್ಲಿ ಕಂಡದ್ದು: ಬ್ರಷ್ ತಿರುಗುವ ಯಂತ್ರದಲ್ಲಿ ತೊಳೆಸುವಂತಿಲ್ಲ. ಒತ್ತಡದ ನೀರನ್ನು ದೂರದಿಂದ, ಅಂಚಿಗೆ ನೇರವಾಗಿ ತಾಗದಂತೆ ಬಿಡಬೇಕು. ಮೇಣದ ಪಾಲಿಶ್ ತಾಗಿದರೆ ಬಿಳಿ ಕಲೆ ಉಳಿಯುತ್ತದೆ. ಹಕ್ಕಿಯ ಹಿಕ್ಕೆಯನ್ನು ಕೂಡಲೇ ನೆನೆಸಿ ತೆಗೆಯಬೇಕು. ಚಾಲಕನ ಬಾಗಿಲಿನ ಪಟ್ಟಿಯ ಮೇಲೆ ನಾನು ಮೊಣಕೈ ಊರುವ ಜಾಗದಲ್ಲಿ ಅಂಚು ಸ್ವಲ್ಪ ಎದ್ದಿತು. ಎದ್ದ ಚೂರನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಆಲ್ಕೋಹಾಲ್‌ನಿಂದ ಒರೆಸಿ, ಸುತ್ತ ಟೇಪ್ ಹಾಕಿ, ಹಳೆಯ ಲೇಪದ ಮೇಲೂ ಒಂದಿಷ್ಟು ಹರಡುವಂತೆ ಹೊಸ ಕೋಟ್‌ಗಳನ್ನು ಹಾಕಿದೆ. ದ್ರಾವಕ ಹಳೆಯದರ ಅಂಚನ್ನು ಕರಗಿಸಿ ಹೊಸದರೊಂದಿಗೆ ಸೇರಿಸಿತು, ತೇಪೆ ಎಲ್ಲಿದೆಯೆಂದು ಹುಡುಕಬೇಕು. ಗಟ್ಟಿಕಾರಕ ಬೆರೆತ ಬಣ್ಣದಲ್ಲಿ ಇಷ್ಟು ಸುಲಭದ ತೇಪೆ ಸಾಧ್ಯವಿಲ್ಲ.

ಬಿಸಿಲುಗಾಲವೂ ಮಳೆಗಾಲವೂ ಕಳೆದ ಮೇಲೆ ಡಿಕ್ಕಿಯ ಪಟ್ಟಿಯನ್ನು ಬೇಕೆಂದೇ ಸುಲಿದು ನೋಡಿದೆ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿದರೆ ಪೊರೆ ಮೆದುವಾಗಿ ಚೆನ್ನಾಗಿ ಹಿಗ್ಗುತ್ತದೆ. ಹೆಬ್ಬೆರಳಿನ ತಿರುಳಿನಿಂದ ಅಂಚನ್ನು ಉಜ್ಜಿ ಉರುಳಿಸಿ, ತುದಿ ಸಿಕ್ಕ ಮೇಲೆ ಪಟ್ಟಿಗೆ ಹತ್ತಿರವಾಗಿ ಓರೆಯಲ್ಲಿ ನಿಧಾನಕ್ಕೆ ಎಳೆದೆ. ಮುಂಬದಿಯದೆಲ್ಲ ಒಂದೇ ತುಂಡಾಗಿ ಬಂತು. ಕ್ಯಾಮೆರಾದ ಪಕ್ಕ, ಡಬ್ಬಿಯ ಬಾಯಿ ಸರಿಯಾಗಿ ತಿರುಗದ ಇಕ್ಕಟ್ಟಿನಲ್ಲಿ ಮಾತ್ರ ಪದರ ತೆಳುವಿದ್ದು ಚೂರುಚೂರಾಗಿ ಅಂಟಿಕೊಂಡಿತು. ಅದನ್ನು ಕೆರೆಯಬೇಕಾಗಿಲ್ಲ. ಆ ಚೂರುಗಳ ಮೇಲೆಯೇ ಹೊಸದಾಗಿ ಎರಡು ಮೂರು ದಪ್ಪ ಕೋಟ್ ಹಾಕಿ ಒಣಗಿಸಿದರೆ ಹಳೆಯದು ಹೊಸದರೊಳಗೆ ಸೇರಿ, ಎರಡೂ ಒಟ್ಟಿಗೆ ಎದ್ದು ಬರುತ್ತವೆ. ಹಾಗೆಯೇ ಮಾಡಿದೆ, ಬಂತು. ಮೂಲೆಯಲ್ಲಿ ಉಳಿದ ಒಂದೆರಡು ಕಲೆಗಳಿಗೆ ಡಬ್ಲ್ಯೂಡಿ-40 ತಾಗಿಸಿದ ಬಟ್ಟೆ ಸಾಕಾಯಿತು.

ಕೆಳಗಿನ ಕ್ರೋಮ್‌ನಲ್ಲಿ ಗೀರಾಗಲಿ ಮಬ್ಬಾಗಲಿ ಇರಲಿಲ್ಲ. ಅಂಚಿನ ಗುಂಟ ಕೂತಿದ್ದ ದೂಳಿನ ಗೆರೆ ಸೋಪಿನ ನೀರಿಗೆ ಹೋಯಿತು. ಅದೇ ಪಟ್ಟಿಗೆ ಮತ್ತೆ ಕಪ್ಪು ಹಾಕುವಾಗ ಕ್ಯಾಮೆರಾದ ಪಕ್ಕದ ಆ ಇಕ್ಕಟ್ಟಿನ ಭಾಗಕ್ಕೇ ಮೊದಲು ಬೇರೆಯಾಗಿ ಎರಡು ಕೋಟ್ ಕೊಟ್ಟು, ಆಮೇಲೆ ಉಳಿದ ಪಟ್ಟಿಯೊಂದಿಗೆ ಸೇರಿಸಿ ಪೂರ್ತಿ ಕೋಟ್‌ಗಳನ್ನು ಹಾಕಿದ್ದೇನೆ.